ಹಲಗೆಯ ಮೊದಲ ಸಾಲು

ಫೆಬ್ರವರಿ 9

ಜ್ವರ ಬಿಟ್ಟು ವಾರವಾಯಿತು. ನೆಗಡಿಯೂ ಹೋಯಿತು. ಹೋಗುವಾಗ ನನ್ನ ಮೂಗನ್ನೂ ಎತ್ತಿಕೊಂಡು ಹೋಗಿದೆ.

ಬೆಳಿಗ್ಗೆ ಕಾಫಿ ಬರೀ ಬಿಸಿನೀರಿನಂತಿತ್ತು. ನಾದಿನಿ ನಾನುಲಿ ಪುಡಿ ಉಳಿತಾಯ ಮಾಡುತ್ತಿದ್ದಾಳೆಂದು ಮನಸ್ಸಿನಲ್ಲೇ ಬೈದೆ. ಆಮೇಲೆ ಕೊತ್ತಂಬರಿ ಸೊಪ್ಪನ್ನು ಅಂಗೈಯಲ್ಲಿ ಹಿಚುಕಿ ಮೂಸಿದೆ. ಹುಲ್ಲಿಗಾದರೂ ಒಂದು ವಾಸನೆ ಇರುತ್ತದೆ, ಇದಕ್ಕೆ ಅದೂ ಇರಲಿಲ್ಲ. ಸೋಪು, ಸುಟ್ಟ ಬೆಂಕಿಕಡ್ಡಿ, ಬಾಗಿಲ ಹಿಂದೆ ತೂಗುಹಾಕಿರುವ ನನ್ನ ಗಂಡ ತಮಾಜನ ಕೋಟು, ಎಲ್ಲವನ್ನೂ ಮೂಸಿ ನೋಡಿದೆ. ಏನೂ ಇಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತದೆ. ಅಷ್ಟು ಹಸುವಿಗೂ ತಿಳಿಯುತ್ತದೆ.

ಇದನ್ನು ಯಾರಿಗೂ ಹೇಳುವಂತಿಲ್ಲ. ನಮ್ಮ ತೆಲಾವಿ ಊರಿನಲ್ಲಿ ಮನೆಮನೆಯಲ್ಲೂ ವೈನ್ ಮಾಡುತ್ತಾರೆ, ದುಡ್ಡು ಕೊಟ್ಟು ಕುಡಿಯುವ ದರ್ದು ಇಲ್ಲಿ ಯಾರಿಗೂ ಇಲ್ಲ. ಆದರೂ ವಿಶ್ವವಿದ್ಯಾಲಯದ ಎದುರಿನ ನನ್ನ ಅಂಗಡಿಯಲ್ಲಿ ಸಂಜೆಯಾದರೆ ಐದೂ ಮೇಜು ತುಂಬುತ್ತವೆ. ಗೋಡೆಯ ಮೇಲೆ ಒಂದು ಕಪ್ಪು ಹಲಗೆ. ಅದರಲ್ಲಿ ಹತ್ತು ಸಾಲು, ಸಾಲಿಗೊಂದು ವೈನ್. ಇಡೀ ಊರಿನ ವೈನ್‌ನಲ್ಲಿ ಆ ಹತ್ತನ್ನು ಆರಿಸುವುದು ಗುಲಿಕೊಳ ಮೂಗು. ಮೇಷ್ಟರುಗಳು, ಹುಡುಗರು ಎಲ್ಲ ಬರುವುದು ಆ ಮೂಗನ್ನು ನಂಬಿ.

ಗುಲಿಕೊ ಅಂದರೆ ನಾನೇ. ಸ್ವಂತ ಡೈರಿಯಲ್ಲಿ ಪರಿಚಯ ಹೇಳಿಕೊಳ್ಳುವ ಅಗತ್ಯವಿಲ್ಲ. ಇವತ್ತು ಸ್ವಲ್ಪ ಅನುಮಾನ ಬಂದಿತ್ತು, ಅದಕ್ಕೆ ಬರೆದೆ.

ಫೆಬ್ರವರಿ 13

ಡಾಕ್ಟರ ಬಳಿ ಹೋಗಿದ್ದೆ. ಪಕ್ಕದ ಊರಿನ ಡಾಕ್ಟರು. ಇಲ್ಲಿಯವರಾದರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ.

"ವಾಸನೆ ವಾಪಸ್ ಬರುತ್ತಾ?" ಎಂದೆ.

"ಬರಬಹುದಮ್ಮ."

"ಯಾವಾಗ?"

"ಮೂರು ತಿಂಗಳಿಗೆ ಬಂದಿದ್ದೂ ಇದೆ, ವರ್ಷಕ್ಕೆ ಬಂದಿದ್ದೂ ಇದೆ. ಬರದೇ ಹೋಗಿದ್ದೂ ಇದೆ."

ಇಷ್ಟನ್ನು ನಮ್ಮ ಬಸ್ ನಿಲ್ದಾಣದವನೂ ಹೇಳುತ್ತಾನೆ. ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಬರುತ್ತದೆ, ಮೂಗೂ ಚುರುಗುಟ್ಟುತ್ತದೆ, ಅದು ಒಳ್ಳೆಯ ಲಕ್ಷಣವಲ್ಲವೇ ಎಂದು ಕೇಳಿದೆ. "ಅದು ಉರಿ ಅಮ್ಮ, ವಾಸನೆ ಅಲ್ಲ. ಉರಿಗೆ ಬೇರೆ ನರ ಇದೆ. ಮೋಸ ಹೋಗಬೇಡಿ" ಎಂದರು. ವಯಸ್ಸು ಮೂವತ್ತೂ ಆಗಿರಲಿಕ್ಕಿಲ್ಲ. ನನಗೆ ಬುದ್ಧಿ ಹೇಳುತ್ತಾರೆ.

ಮಾರ್ಚ್ 2

ತಮಾಜ್ ತೀರಿಕೊಂಡು ಇವತ್ತಿಗೆ ಮೂರು ತಿಂಗಳು. ನಾನು, ನಾನುಲಿ ಸಮಾಧಿಗೆ ಹೋಗಿ ರೊಟ್ಟಿಯ ಮೇಲೆ ವೈನ್ ಹನಿಸಿ ಇಟ್ಟು ಬಂದೆವು. ನಾನುಲಿ ಅಣ್ಣನ ಜೊತೆ ಬಹಳ ಹೊತ್ತು ಮಾತಾಡಿದಳು. ಹೆಚ್ಚಿನದೆಲ್ಲ ನನ್ನ ಮೇಲಿನ ದೂರು.

ಅವನ ಕೈ, ನನ್ನ ಮೂಗು. ನಮ್ಮ ಸಂಸಾರ ನಡೆದದ್ದೇ ಹಾಗೆ. ನೆಲಮಾಳಿಗೆಯಲ್ಲಿ ಕುತ್ತಿಗೆಯವರೆಗೆ ಹೂತಿರುವ ಮಣ್ಣಿನ ಗುಡಾಣದಲ್ಲಿ ಅವನು ಕಿಸಿ ದ್ರಾಕ್ಷಿಯ ವೈನ್ ಮಾಡುತ್ತಿದ್ದ. ಈಸ್ಟರ್ ಕಳೆದ ಮೇಲೆ ಮುಚ್ಚಳ ತೆಗೆದು ಮೊದಲ ಬಟ್ಟಲು ನನಗೆ ಕೊಡುತ್ತಿದ್ದ. ನಾನು ಮೂಸಿ "ಪರವಾಗಿಲ್ಲ" ಎನ್ನುತ್ತಿದ್ದೆ. ಅಷ್ಟಕ್ಕೇ ಅವನಿಗೆ ವರ್ಷಕ್ಕಾಗುವಷ್ಟು ಸಂತೋಷ. ಹಲಗೆಯ ಮೊದಲ ಸಾಲು ಅವನದು. ಗಂಡನೆಂದು ಕೊಟ್ಟದ್ದಲ್ಲ. ಒಂದು ವರ್ಷ ಅವನನ್ನು ಏಳನೆಯ ಸಾಲಿಗೆ ಇಳಿಸಿದ್ದೆ. ವಾರವಿಡೀ ಮಾತು ಬಿಟ್ಟ. ಆಮೇಲೆ ತಾನೇ ಬಂದು "ಏಳನೇದು ಅಂದಿದ್ದು ಸರಿ" ಎಂದ.

ನವೆಂಬರಿನಲ್ಲಿ ಗುಡಾಣಕ್ಕೆ ಕಲ್ಲಿನ ಮುಚ್ಚಳ ಇಟ್ಟು, ಸುತ್ತ ಹಸಿ ಜೇಡಿಮಣ್ಣು ಮೆತ್ತಿ, ಕೈ ತೊಳೆದುಕೊಂಡು ಬಂದು "ಈ ಸಲ ನಿನ್ನ ಬಾಯಿ ಮುಚ್ಚಿಸ್ತೀನಿ ನೋಡು" ಎಂದ. ಡಿಸೆಂಬರಿನಲ್ಲಿ ಅವನೇ ಹೋದ. ಅವನು ಮಾಡಿದ್ದರಲ್ಲಿ ನಾನು ಇನ್ನೂ ಮೂಸದೇ ಇರುವುದು ಅದೊಂದೇ. ಇನ್ನು ಮೇಲೆ ಬೇರೆ ಬರುವುದಿಲ್ಲ.

ಮೂಗು ಬರಲಿ, ಆಮೇಲೆ ತೆಗೆಯುತ್ತೇನೆ. ಈಸ್ಟರ್ ಇನ್ನೂ ದೂರ ಇದೆ.

ಮಾರ್ಚ್ 23

ಹೋದ ವಾರ ಅಡುಗೆಮನೆಯಲ್ಲಿ ಕೂತು ಬಟ್ಟಲುಗಳನ್ನು ಒರೆಸುತ್ತಿದ್ದೆ. ನಾನುಲಿ ಬಾಗಿಲಲ್ಲಿ ನಿಂತು ಕೂಗಿಕೊಂಡಳು.

"ಅತ್ತಿಗೆ, ಹುರುಳಿಕಾಳು ಸೀದು ಕರಕಲಾಗಿದೆ, ಮನೆ ತುಂಬ ಹೊಗೆ. ಪಕ್ಕದಲ್ಲೇ ಕೂತು ಏನು ಮಾಡ್ತಿದ್ದೆ?"

"ಯೋಚನೆಯಲ್ಲಿದ್ದೆ."

"ಅದೆಂಥಾ ಯೋಚನೆ ತಾಯಿ. ಬೀದಿ ಆಚೆಗಿರೋ ಹುಡುಗರು ಕೆಮ್ಮುತಾ ಇದಾರೆ."

ಕಿಟಕಿ ತೆಗೆದಳು. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು, ಪಾತ್ರೆಯನ್ನು ತೆಗೆದುಕೊಂಡು ಹೋದಳು. ಅಂದಿನಿಂದ ಸುಮ್ಮಸುಮ್ಮನೆ "ರೊಟ್ಟಿ ಆಯ್ತು", "ಹಾಲು ಹುಳಿಯಾಗಿದೆ, ಚೆಲ್ತಾ ಇದೀನಿ" ಎಂದು ವರದಿ ಒಪ್ಪಿಸುತ್ತಾಳೆ. ಅವಳಿಗೂ ವಯಸ್ಸಾಗುತ್ತಿದೆ, ಒಬ್ಬಳೇ ಮಾತಾಡಿಕೊಳ್ಳುತ್ತಾಳೆ.

ಏಪ್ರಿಲ್ 4

ವೈನ್ ತರುವವರು ಶುರುವಾದರು. ನೀರಿನ ಬಾಟಲಿ, ಸೋಡಾ ಬಾಟಲಿ, ಒಬ್ಬ ಶಾಂಪೂ ಬಾಟಲಿಯಲ್ಲಿ ತಂದಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ವೈನ್ ಮಾಡುವವರನ್ನು ನೋಡಿಯೇ ಹುಟ್ಟಿದ ಮಾತು.

ನಾನೊಂದು ವಿಧಾನ ಕಂಡುಕೊಂಡಿದ್ದೇನೆ. ಗ್ಲಾಸ್ ಎತ್ತುತ್ತೇನೆ, ತಿರುಗಿಸುತ್ತೇನೆ, ಕಣ್ಣು ಮುಚ್ಚಿ ಮೂಗನ್ನು ಒಳಗೆ ಇಡುತ್ತೇನೆ. ಸುಮ್ಮನಿರುತ್ತೇನೆ. ಆಮೇಲೆ ಕಣ್ಣು ತೆರೆದು ತಂದವರ ಮುಖ ನೋಡಿ "ಹ್ಞೂಂ, ಹೇಳು" ಎನ್ನುತ್ತೇನೆ. ಅಷ್ಟು ಸಾಕು. ನೋದಾರ್ ತಾನಾಗಿಯೇ ಗುಡಾಣವನ್ನು ಸರಿಯಾಗಿ ತೊಳೆದಿರಲಿಲ್ಲವೆಂದು ಒಪ್ಪಿಕೊಂಡ. ಶಾಲೆ ಟೀಚರ್ ಮ್ಜಿಯಾ ತನ್ನ ಅಪ್ಪನಿಗೆ ಕಣ್ಣು ಕಾಣದಾದ ಮೇಲೆ ಅವನು ಗೊಂಚಲುಗಳನ್ನು ಬೆರಳಲ್ಲೇ ಮುಟ್ಟಿ ಆರಿಸುವುದನ್ನು ಹೇಳಿದಳು. ಹೇಳುತ್ತಾ ಹೇಳುತ್ತಾ ಸಂಜೆಯಾಯಿತು. ನಾನು ಎರಡು ಸಲ ಚಹಾ ಮಾಡಿಕೊಟ್ಟೆ. ಅವಳದನ್ನು ಹಲಗೆಗೆ ಹಾಕಿಕೊಂಡೆ, ನೋದಾರನದನ್ನು ಬಿಟ್ಟೆ.

ಇಷ್ಟು ವರ್ಷ ತಂದವರಿಗೆ ನಾನು ಒಂದು ಪ್ರಶ್ನೆ ಕೇಳಿದವಳಲ್ಲ. ವೈನ್ ಎದುರಿಗಿರುವಾಗ ಮನುಷ್ಯರನ್ನು ಕೇಳುವುದು ದಂಡ ಎನ್ನುತ್ತಿದ್ದೆ. ಈಗಲೂ ದಂಡವೇ. ಬೇರೆ ದಾರಿಯಿಲ್ಲ, ಅಷ್ಟೇ.

ಏಪ್ರಿಲ್ 9

ಜಾಕ್ರೊ ಬಂದ.

ಗೋಡೆಯಾಚೆಯ ಮನೆಯವನು, ತಮಾಜನ ಬಾಲ್ಯದ ಗೆಳೆಯ. ಆಳು ಪೀಪಾಯಿಯಂತೆ, ಮೀಸೆ ಪೊರಕೆಯಂತೆ. ಪ್ರತಿ ವಸಂತದಲ್ಲೂ ತನ್ನ ಸಪೆರಾವಿ ದ್ರಾಕ್ಷಿಯ ಕೆಂಪು ವೈನ್ ತರುತ್ತಾನೆ, ಪ್ರತಿ ವಸಂತದಲ್ಲೂ ನಾನು ಬೈದು ಕಳಿಸುತ್ತೇನೆ. ಹೋದ ವರ್ಷ "ಇದರಲ್ಲಿ ಒದ್ದೆ ನಾಯಿ ಇದೆ" ಎಂದಿದ್ದೆ. ಅದಕ್ಕೂ ಹಿಂದೆ "ಗುಡಾಣದಲ್ಲಿ ಇಲಿ ಸತ್ತಿರಬೇಕು, ಹೋಗಿ ನೋಡು" ಎಂದಿದ್ದೆ. ನನ್ನ ವಂಶವನ್ನೆಲ್ಲ ಶಪಿಸುತ್ತಾ ಹೋಗುತ್ತಾನೆ. ಮುಂದಿನ ವರ್ಷ ಮತ್ತೆ ಬರುತ್ತಾನೆ.

ಈ ಸಲವೂ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿ, ಕೈಕಟ್ಟಿ ಕೂತ. "ಶುರು ಮಾಡು. ಬೈಯಿ."

ಮೂಸಿದೆ. ಕುಡಿದೆ. ಹುಳಿ, ಒಗರು. ಸಪೆರಾವಿ ಅಂದಮೇಲೆ ಅವೆರಡು ಇರುತ್ತವೆ. ಅವನ ಮುಖ ನೋಡಿದೆ. ಮುಖ ಎಂದಿನಂತೆ ಜಗಳಕ್ಕೆ ತಯಾರಾಗಿತ್ತು, ಏನೂ ತಿಳಿಯಲಿಲ್ಲ.

"ಹಲಗೆಗೆ ಹಾಕ್ತೀನಿ" ಎಂದೆ.

ಅವನು ಅಲ್ಲಾಡಲಿಲ್ಲ. "ಏನಂದೆ?"

"ನಾಲ್ಕನೇ ಸಾಲು. ಬೇಡ ಅಂದ್ರೆ ಐದನೇದು."

"ನಾಯಿ ಎಲ್ಲೋಯ್ತು?"

"ನಾಯಿ ಇಲ್ಲ."

"ಇಲಿ?"

"ಜಾಕ್ರೊ, ಹಾಕ್ತೀನಿ ಅಂದ್ನಲ್ಲ."

ಎದ್ದು ನಿಂತ. ಮುಖ ಅವನ ವೈನ್‌ನಷ್ಟೇ ಕೆಂಪಾಗಿತ್ತು. "ಏನೇ ಇದು? ಗಂಡ ಹೋದ, ಪಕ್ಕದ ಮನೆಯವನನ್ನ ಚೆನ್ನಾಗಿಟ್ಕೋಬೇಕು ಅಂತಾನಾ? ನನ್ನ ವೈನ್ ಮೇಲೆ ಕನಿಕರ ತೋರಿಸ್ತೀಯಾ? ನೀನು ಬೈತೀಯ ಅಂತಲೇ ನಾನು ತರೋದು. ತೊಳಿ ಅಂದೆ, ತೊಳೆದೆ. ಬೇಗ ಕೊಯ್ದಿದೀಯ ಅಂದೆ, ತಡ ಮಾಡಿ ಕೊಯ್ದೆ. ಬೈಯದೆ ಹಾಕಿಸ್ಕೊಳ್ಳೋಕೆ ನಾನೇನು ಭಿಕ್ಷೆಗೆ ಬಂದಿದೀನಾ?"

ಬಾಟಲಿ ಎತ್ತಿಕೊಂಡು ಹೊರಟೇ ಹೋದ. ಬಾಗಿಲಲ್ಲಿ ತಿರುಗಿ ನನ್ನನ್ನು, ವಿಶೇಷವಾಗಿ ನನ್ನ ಮೂಗನ್ನು ನೋಡಿದ. ಗಂಡಸರನ್ನು ತೃಪ್ತಿಪಡಿಸುವುದು ಯಾರಿಂದಲೂ ಆಗದ ಕೆಲಸ.

ಏಪ್ರಿಲ್ 15

ಎರಡರಿಂದ ಹತ್ತರವರೆಗೆ ಸಾಲುಗಳು ತುಂಬಿದವು. ಮೊದಲ ಸಾಲು ಖಾಲಿ.

ಏಪ್ರಿಲ್ 29

ಈಸ್ಟರ್ ಮುಗಿಯಿತು. ಊರಲ್ಲಿ ಎಲ್ಲರ ಗುಡಾಣವೂ ತೆರೆದಿದೆ. ನನ್ನದು ತೆರೆಯಲಿಲ್ಲ. ಈ ವಾರ ಚಳಿ ಜಾಸ್ತಿಯಿತ್ತು. ಚಳಿಯಲ್ಲಿ ವೈನ್ ಮುದುಡಿಕೊಂಡಿರುತ್ತದೆ, ಮೂಗಿಗೆ ಪೂರ್ತಿ ಸಿಗುವುದಿಲ್ಲ.

ಬೆಳಿಗ್ಗೆ ಎದ್ದ ತಕ್ಷಣ ತಮಾಜನ ಕೋಟು ಮೂಸುತ್ತೇನೆ. ಇದೊಂದು ಪರೀಕ್ಷೆ. ಇನ್ನೂ ಬಂದಿಲ್ಲ.

ಮೇ 21

ಪರೀಕ್ಷೆಗಳ ಕಾಲ. ಹುಡುಗರೆಲ್ಲ ಬೆಳಗಿನವರೆಗೆ ಬೀದಿಯಲ್ಲಿ ಓಡಾಡುತ್ತಾರೆ. ಇಷ್ಟು ಗದ್ದಲದಲ್ಲಿ ಗುಡಾಣ ತೆಗೆಯುವುದು ಸರಿಯಲ್ಲ.

ಚರಿತ್ರೆಯ ಪ್ರೊಫೆಸರ್ ಬದ್ರಿ ಕಿಟಕಿಯ ಪಕ್ಕದ ತಮ್ಮ ಖಾಯಂ ಕುರ್ಚಿಯಲ್ಲಿ ಕೂತು, "ಗುಲಿಕೊ ಅವರೇ, ಈ ವರ್ಷದ ಹಲಗೆ ಯಾವ ವರ್ಷಕ್ಕಿಂತಲೂ ಚೆನ್ನಾಗಿದೆ. ಮ್ಜಿಯಾ ಟೀಚರ್ ವೈನನ್ನ ಇಷ್ಟು ವರ್ಷ ಯಾಕೆ ಬಚ್ಚಿಟ್ಟಿದ್ರಿ?" ಎಂದರು. ಪ್ರೊಫೆಸರಿಗೆ ವೈನ್ ವಿಷಯ ಗೊತ್ತಾಗುವುದಿಲ್ಲ. ಮ್ಜಿಯಾಳ ಅಪ್ಪನ ಬೆರಳುಗಳ ಕಥೆ ಹೇಳಿದೆ. ಎರಡನೆಯ ಗ್ಲಾಸ್ ತರಿಸಿಕೊಂಡು ಪೂರ್ತಿ ಕೇಳಿದರು.

ಜೂನ್ 12

ಸೆಕೆ ಶುರುವಾಗಿದೆ. ಜಾಕ್ರೊ ಗೋಡೆಯ ಮೇಲಿಂದ ತಲೆ ಹಾಕಿದ. ಏಪ್ರಿಲಿನಿಂದ ಮಾತು ಬಿಟ್ಟಿದ್ದವನು.

"ಗುಲಿಕೊ, ತಮಾಜನ ಗುಡಾಣಕ್ಕೆ ನೀರು ಹಾಕ್ತಿದೀಯಾ?"

"ಯಾಕೆ?"

"ಮೆತ್ತಿರೋ ಜೇಡಿ ಒಣಗಿ ಬಿರುಕು ಬಿಟ್ರೆ ಗಾಳಿ ಹೋಗುತ್ತೆ. ಅವನು ವಾರಕ್ಕೊಂದು ಸಲ ಹಾಕ್ತಿದ್ದ. ಅಲ್ಲಾ, ಇಷ್ಟು ದಿನ ತೆಗೀದೆ ಇರೋದ್ಯಾಕೆ? ಬೇಸಿಗೆ ಬಂತು. ನಾನು ಬಂದು ತೆಗೆದು ಬೇರೆ ಪಾತ್ರೆಗೆ ಹಾಕ್ಲಾ?"

"ನಿನ್ನ ಇಲಿಗಳನ್ನ ನೋಡ್ಕೊ ಹೋಗು" ಎಂದೆ.

ತಲೆ ಕೆಳಗೆ ಹೋಯಿತು. ಗುಡಾಣಕ್ಕೆ ನೀರು ಹಾಕಬೇಕೆಂದು ನನಗೆ ಗೊತ್ತಿಲ್ಲವೇ. ಡಿಸೆಂಬರಿನಿಂದ ನಾನು ಆ ನೆಲಮಾಳಿಗೆಗೆ ಇಳಿದಿಲ್ಲ, ಅದು ಬೇರೆ ವಿಷಯ. ನಾಳೆ ಇಳಿಯುತ್ತೇನೆ.

ಜೂನ್ 13

ಇಳಿಯಲಿಲ್ಲ. ಮೂರನೆಯ ಮೆಟ್ಟಿಲವರೆಗೆ ಹೋದೆ. ಅಲ್ಲಿಂದ ಮೊದಲೆಲ್ಲ ಮೂಗಿಗೆ ಎಲ್ಲವೂ ಸಿಗುತ್ತಿತ್ತು: ಮಣ್ಣು, ದ್ರಾಕ್ಷಿಯ ಗಸಿ, ತಮಾಜನ ಸಿಗರೇಟು. ಇವತ್ತು ಬರೀ ಕತ್ತಲು. ಕೈಯಲ್ಲಿದ್ದ ಕೊಡದ ನೀರನ್ನು ಬಾಗಿಲ ಬಳಿಯ ಗಿಡಕ್ಕೆ ಹಾಕಿದೆ.

ಜುಲೈ 6

ಇವತ್ತು ತೆಗೆದೆವು. ನಾನುಲಿ ನನ್ನನ್ನು ಕೇಳದೆ ಎಲ್ಲರನ್ನೂ ಕರೆದುಬಿಟ್ಟಿದ್ದಳು. "ಅಣ್ಣನ ಕೆಲಸ ಮಣ್ಣಿನಲ್ಲೇ ಇರಬೇಕಾ ಅತ್ತಿಗೆ?" ಎಂದಳು.

ಬದ್ರಿ ಪ್ರೊಫೆಸರ್ ಮೇಜಿನ ಯಜಮಾನರು. ಯಾವ ಊಟದಲ್ಲೂ ಯಾರ ಹೆಸರಿನಲ್ಲಿ ಕುಡಿಯಬೇಕೆಂದು ಹೇಳಿ ಬಟ್ಟಲು ಎತ್ತುವವರು ಅವರೇ. ಇನ್ನೂ ಕೆಲವು ಮೇಷ್ಟರುಗಳು, ಮ್ಜಿಯಾ, ಅವಳ ಅಪ್ಪ ಬಂದಿದ್ದರು. ಜಾಕ್ರೊ ಹಾರೆ ಹಿಡಿದು ನೆಲಮಾಳಿಗೆಗೆ ಇಳಿದ, ಅವನ ಹಿಂದೆ ನಾವೆಲ್ಲ. ಮುಚ್ಚಳದ ಸುತ್ತಿನ ಜೇಡಿಮಣ್ಣು ಹಳೆಯ ರೊಟ್ಟಿಯಂತೆ ಪುಡಿಪುಡಿಯಾಗಿ ಎದ್ದು ಬಂತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ನಾನು ಬೇರೆ ಕಡೆ ನೋಡಿದೆ.

ಕಲ್ಲು ಸರಿಸಿದರು. ನಾನು ಮಂಡಿಯೂರಿ ಬಗ್ಗಿದೆ.

ಮೂಗಿನೊಳಗೆ ಚುರ್ ಎಂದಿತು.

ಫೆಬ್ರವರಿಯಿಂದ ಏನೊಂದೂ ತಟ್ಟದಿದ್ದ ಜಾಗದಲ್ಲಿ ತಟ್ಟಿತು. ಕಣ್ಣಲ್ಲಿ ನೀರು ಬಂತು. ಮತ್ತೆ ಬಗ್ಗಿ ಉಸಿರು ಎಳೆದುಕೊಂಡೆ, ಮತ್ತೆ ಚುರ್ ಎಂದಿತು. ಬಂತು, ಮೂಗು ಬಂತು, ಅದೂ ಅವನ ವೈನ್‌ಗೇ ಬಂತು. ಅತ್ತುಬಿಟ್ಟೆ. ಎಲ್ಲರೂ ದುಃಖ ಎಂದುಕೊಂಡರು. ನನಗೆ ಈ ಏಳೆಂಟು ತಿಂಗಳಲ್ಲಿ ಇಷ್ಟು ಸಂತೋಷವಾಗಿರಲಿಲ್ಲ.

ಕುಡಿದೆ. ಈ ವರ್ಷದ ಕಿಸಿ ಬಹಳ ಚುರುಕು. ಎಲ್ಲರ ಎದುರಿಗೆ "ಪರವಾಗಿಲ್ಲ" ಎಂದೆ. ನಾನುಲಿ ಮುಖ ಮುಚ್ಚಿಕೊಂಡಳು.

ಬದ್ರಿ ಪ್ರೊಫೆಸರ್ ಬಟ್ಟಲನ್ನು ಬಾಯಿಗಿಟ್ಟರು. ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ, ಭಾವುಕ ಮನುಷ್ಯ. ಆಮೇಲೆ "ತಮಾಜ್ ಇಲ್ಲೇ ಇದಾನೆ. ಈ ಬಟ್ಟಲಲ್ಲೇ ಇದಾನೆ. ಅವನ ಕೈಗೆ ಜಯವಾಗಲಿ" ಎಂದರು. ಎಲ್ಲರೂ ಜಯವಾಗಲಿ ಎಂದು ಒಂದೇ ಗುಟುಕಿಗೆ ಬಟ್ಟಲು ಬರಿದು ಮಾಡಿದರು. ಮ್ಜಿಯಾಳ ಅಪ್ಪ "ಇಂಥ ವೈನ್ ನಾನು ಕುಡಿದೇ ಇಲ್ಲ" ಎಂದ. ಎರಡನೆಯ ಬಟ್ಟಲು ಯಾರೂ ಕೇಳಲಿಲ್ಲ. ಸೆಕೆ ಜಾಸ್ತಿಯಿತ್ತು.

ಜಾಕ್ರೊ ಮಾತ್ರ ಬಾಯಿ ಬಿಡಲಿಲ್ಲ. ಬಟ್ಟಲು ಬರಿದು ಮಾಡಿದ, ಮೀಸೆ ಒರೆಸಿಕೊಂಡ, ಹಾರೆ ಎತ್ತಿಕೊಂಡು ಹೋದ. ಸತ್ತ ಗೆಳೆಯನ ಮೇಲೂ ಹೊಟ್ಟೆಕಿಚ್ಚು.

ಜುಲೈ 7

ಹಲಗೆಯ ಮೊದಲ ಸಾಲಿನಲ್ಲಿ ಬರೆದೆ: ಕಿಸಿ, ತಮಾಜ್. ನನ್ನ ಅಕ್ಷರ ಇವತ್ತು ಚೆನ್ನಾಗಿ ಬಂತು.

ಕಾಫಿ ಈಗಲೂ ಬಿಸಿನೀರೇ. ಕೋಟಿಗೂ ವಾಸನೆಯಿಲ್ಲ. ಮೂಗು ಒಮ್ಮೆಗೇ ಪೂರ್ತಿ ಬರುವುದಿಲ್ಲ. ಮೊದಲು ಮುಖ್ಯವಾದದ್ದಕ್ಕೆ ಬಂದಿದೆ.

ಜುಲೈ 24

ಮೊದಲ ಸಾಲಿಗೆ ಒಳ್ಳೆಯ ಬೇಡಿಕೆ ಇದೆ. ಹಳಬರೆಲ್ಲ ಒಂದೊಂದು ಗ್ಲಾಸ್ ಹೇಳುತ್ತಾರೆ, ತಮಾಜನ ಹೆಸರು ಹೇಳಿ ಎತ್ತುತ್ತಾರೆ, ಆಮೇಲೆ ಮಾತಿನಲ್ಲಿ ಮುಳುಗಿ ಗ್ಲಾಸ್ ಮರೆತು ಹೋಗುತ್ತಾರೆ. ರಜೆಯಲ್ಲಿ ಮೇಷ್ಟರುಗಳಿಗೆ ಮರೆವು ಹೆಚ್ಚು. ಬದ್ರಿ ಪ್ರೊಫೆಸರ್ ಮಾತ್ರ ಪ್ರತಿ ಸಂಜೆ ಗ್ಲಾಸ್ ಖಾಲಿ ಮಾಡಿಯೇ ಏಳುತ್ತಾರೆ. ಅವರ ಕುರ್ಚಿಯ ಪಕ್ಕದ ಜೆರೇನಿಯಂ ಗಿಡ ಒಣಗಿದೆ. ಎಷ್ಟು ನೀರು ಹಾಕಿದರೂ ಚಿಗುರುತ್ತಿಲ್ಲ.

ಒಬ್ಬ ಹೊಸ ಹುಡುಗ, ಬೇರೆ ಊರಿನವನು, ತಮಾಜನನ್ನು ಕಂಡವನಲ್ಲ. ಒಂದು ಗುಟುಕು ಕುಡಿದು "ಅಮ್ಮಾ, ಇದು..." ಎಂದ. ಉಳಿದ ನಾಲ್ಕೂ ಮೇಜಿನವರು ತಿರುಗಿ ಅವನನ್ನು ನೋಡಿದರು. "ಇದು ಚೆನ್ನಾಗಿದೆ" ಎಂದ. ಮುಖ ಮಾತ್ರ ನಿಂಬೆಹಣ್ಣು ಕಚ್ಚಿದ ಮಗುವಿನಂತಿತ್ತು.

ನಾನುಲಿಯ ಟೊಮೆಟೊ ಸಲಾಡನ್ನು ಎಲ್ಲರೂ ಹೊಗಳುತ್ತಿದ್ದಾರೆ. ಏನು ಹಾಕುತ್ತೀ ಎಂದೆ. "ಮನೇಲಿದ್ದದ್ದೇ ಅತ್ತಿಗೆ" ಎಂದು ಬೆನ್ನು ತಿರುಗಿಸಿದಳು.

ಆಗಸ್ಟ್ 3

ಅಡುಗೆಮನೆಯಲ್ಲಿ ವಿನೆಗರ್ ಬಾಟಲಿ ಮೂಸಿದೆ. ಚುರ್ ಎಂದಿತು.

ಅದೇ.

ಆಗಸ್ಟ್ 5

ಒಂದು ಹೂಜಿಯಲ್ಲಿ ತಮಾಜನ ವೈನ್ ತುಂಬಿಕೊಂಡು ಗೋಡೆಯಾಚೆ ಹೋದೆ. ಜಾಕ್ರೊ ಹಿತ್ತಲಲ್ಲಿ ಬುಟ್ಟಿ ರಿಪೇರಿ ಮಾಡುತ್ತಿದ್ದ. ಅವನ ಮುಂದೆ ಹೂಜಿ ಕುಕ್ಕಿ, ಕೈಕಟ್ಟಿ ಕೂತೆ.

"ಶುರು ಮಾಡು" ಎಂದೆ.

"ಏನು?"

"ನನ್ನ ಹತ್ರ ಮೂಗಿಲ್ಲ ಜಾಕ್ರೊ. ಫೆಬ್ರವರಿಯಿಂದ ಇಲ್ಲ. ನೀನು ಹೇಳು."

ಆಶ್ಚರ್ಯ ಪಡಲಿಲ್ಲ. "ನನ್ನ ಸಪೆರಾವಿ ಹಾಕ್ತೀನಿ ಅಂದಾಗ್ಲೇ ಅಂದ್ಕೊಂಡೆ" ಎಂದು ಒಳಗೆ ಹೋಗಿ ಬಟ್ಟಲು ತಂದ. ಸುರಿದುಕೊಂಡ. ನಾನು ಮಾಡುವ ಹಾಗೆಯೇ ತಿರುಗಿಸಿದ, ಕಣ್ಣು ಮುಚ್ಚಿದ, ಆ ದಪ್ಪ ಮೂಗನ್ನು ಒಳಗಿಟ್ಟ. ಇಷ್ಟು ವರ್ಷ ಎದುರಿಗೆ ಕೂತು ನೋಡಿ ಕಲಿತಿದ್ದಾನೆ.

"ಕೆಟ್ಟಿದೆ" ಎಂದ. "ವಿನೆಗರ್ ಆಗಿದೆ."

"ಮುಚ್ಚಳ ತೆಗೆದ ದಿನವೇ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿತ್ತು."

"ಮತ್ತೆ ಒಬ್ರೂ ಯಾಕೆ ಹೇಳ್ಲಿಲ್ಲ?"

"ಸತ್ತವನ ವೈನ್‌ನಲ್ಲಿ ಯಾರೇ ತಪ್ಪು ಹುಡುಕ್ತಾರೆ? ನಾನು ಬಾಯಿ ತೆಗೆದಿದ್ರೆ ಸುಳ್ಳು ಹೇಳ್ಬೇಕಿತ್ತು. ನಿನಗೆ ಸುಳ್ಳು ಹೇಳಿ ನನಗೆ ಅಭ್ಯಾಸ ಇಲ್ಲ. ಅದಕ್ಕೇ ಎದ್ದು ಬಂದೆ."

ಕೇಳಬೇಕಾದದ್ದು ಇನ್ನೊಂದಿತ್ತು. ಕೇಳಿದೆ. "ಈಸ್ಟರ್ ಆದ ತಕ್ಷಣ ತೆಗೆದಿದ್ರೆ?"

ಅವನು ಬುಟ್ಟಿಯನ್ನು ನೋಡಿದ. "ಚೆನ್ನಾಗಿರ್ತಿತ್ತು."

ನಾನು ಅತ್ತೆ. ಅವನು ಸಮಾಧಾನ ಮಾಡಲಿಲ್ಲ, ಬುಟ್ಟಿಯ ಕಡ್ಡಿ ನೇಯುತ್ತಾ ಕೂತ. ನನ್ನ ಗಂಡನ ಕೊನೆಯ ವೈನನ್ನು ನಾನೇ ಕೆಡಿಸಿದೆ. ಮೂಸಬೇಕೆಂಬ ಆಸೆಯಲ್ಲಿ ಯಾರಿಗೂ ದಕ್ಕದಂತೆ ಮಾಡಿದೆ. ಇದನ್ನು ಇಲ್ಲಿ ಬರೆಯಲು ಇಷ್ಟವಿಲ್ಲ, ಆದರೂ ಬರೆದಿದ್ದೇನೆ.

ಅಳು ನಿಂತ ಮೇಲೆ "ಪೂರ್ತಿ ಹೇಳು" ಎಂದೆ.

"ಹೇಳಿದ್ನಲ್ಲ."

"ಅದು ಮುಂದಿರೋದು. ಹಿಂದೆ ಏನಿದೆ ಅಂತ ಹೇಳು. ನಿನ್ನ ವೈನ್‌ನಲ್ಲಿ ನಾಯಿ ಹಿಂದೆ ಹಣ್ಣಿತ್ತು, ಇಲಿ ಹಿಂದೆ ಮೆಣಸಿತ್ತು, ನಾನು ಯಾವತ್ತಾದ್ರೂ ಅರ್ಧ ಹೇಳಿ ಕಳಿಸಿದ್ದೀನಾ?"

ಮತ್ತೆ ಬಟ್ಟಲಿಗೆ ಮೂಗಿಟ್ಟ. ಈ ಸಲ ಬಹಳ ಹೊತ್ತು ಇಟ್ಟ. ಮೊಗೆದು ತೆಗೆಯುವವನಂತೆ ಒಂದೊಂದೇ ಮಾತು ತೆಗೆದ.

"ಒಣಗಿಸಿದ ಏಪ್ರಿಕಾಟ್ ಇದೆ. ತುಂಬಾ ಹಿಂದೆ. ಆಮೇಲೆ... ಅಕ್ರೋಟ್ ಸಿಪ್ಪೆ, ಹಸೀದು. ಕೈಗೆಲ್ಲ ಕಪ್ಪು ಹತ್ತುತ್ತಲ್ಲ, ಅದು. ಜೇನುಮೇಣ. ನನಗೆ ನಿನ್ನ ಹಾಗೆ ಹೇಳೋಕೆ ಬರಲ್ಲ."

"ಬರ್ತಾ ಇದೆ, ಹೇಳು."

"ಕೊಳಕು ಇಲ್ಲ. ಒಂದು ಚೂರೂ ಇಲ್ಲ. ಗುಡಾಣ ಚೆನ್ನಾಗಿ ತೊಳೆದಿದ್ದ. ಸರಿಯಾದ ದಿನಕ್ಕೆ ಕೊಯ್ದಿದ್ದ." ಬಟ್ಟಲು ಕೆಳಗಿಟ್ಟ. "ಅವನ ಕೆಲಸದಲ್ಲಿ ತಪ್ಪಿಲ್ಲ ಗುಲಿಕೊ. ಅವನ ಎಲ್ಲಾ ವೈನ್‌ಗಳಿಗಿಂತ ಇದು ಚೆನ್ನಾಗಿ ಬಂದಿತ್ತು."

ನಿನ್ನ ಬಾಯಿ ಮುಚ್ಚಿಸ್ತೀನಿ ಎಂದಿದ್ದ ತಮಾಜ್. ಮುಚ್ಚಿಸಿದ.

ಆಗಸ್ಟ್ 6

ಬೆಳಿಗ್ಗೆ ಹಲಗೆಯ ಮೊದಲ ಸಾಲನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಕೆಟ್ಟ ವೈನನ್ನು ಹಲಗೆಯ ಮೇಲೆ ಇಡುವುದಿಲ್ಲ. ಏಳನೆಯದು ಅಂದಾಗ ಸರಿ ಎಂದವನು, ಇದಕ್ಕೂ ಸರಿ ಎನ್ನುತ್ತಿದ್ದ.

ನಾನುಲಿ ಹಿಂದೆ ನಿಂತಿದ್ದಳು.

"ನಿನಗೆ ಯಾವಾಗ ಗೊತ್ತಾಯ್ತು?" ಎಂದೆ.

"ನಿನ್ನ ಮೂಗಾ? ಹುರುಳಿಕಾಳು ಸೀದ ದಿನ."

"ಹೇಳ್ಬಾರ್ದಿತ್ತಾ?"

"ನೀನು ಹೇಳ್ಬಾರ್ದಿತ್ತಾ?" ಎಂದಳು. ಟವಲು ಕೈಗೆ ತೆಗೆದುಕೊಂಡು, "ವೈನ್ ವಿಷಯ ಕೇಳ್ಬೇಡ. ಅಣ್ಣಂದು ಕೆಟ್ಟಿದೆ ಅಂತ ತಂಗಿ ಬಾಯಲ್ಲಿ ಹೇಗೆ ಬರುತ್ತೆ? ಸಲಾಡಿಗೆ ಹಾಕಿದೆ. ಚೆಲ್ಲೋಕೆ ಮನಸಾಗ್ಲಿಲ್ಲ" ಎಂದಳು. ಇಬ್ಬರೂ ಒಂದೇ ಟವಲಿನಲ್ಲಿ ಮುಖ ಒರೆಸಿಕೊಂಡೆವು.

ಸಂಜೆ ಐದೂ ಮೇಜಿನವರಿಗೆ ನಿಂತು ಹೇಳಿದೆ: ನನಗೆ ವಾಸನೆ ಗೊತ್ತಾಗುವುದಿಲ್ಲ, ಫೆಬ್ರವರಿಯಿಂದ ಇಲ್ಲ, ಹಲಗೆಯನ್ನು ನಂಬಬೇಡಿ. ಒಬ್ಬರೂ ಏಳಲಿಲ್ಲ. ಬದ್ರಿ ಪ್ರೊಫೆಸರ್ "ಮ್ಜಿಯಾ ಟೀಚರದು ಒಂದು ಗ್ಲಾಸ್ ಕೊಡಿ" ಎಂದರು. ಆಮೇಲೆ ಗಿಡದ ವಿಷಯಕ್ಕೆ ಕ್ಷಮೆ ಕೇಳಿದರು.

ಸೆಪ್ಟೆಂಬರ್ 27

ಇವತ್ತು ಗುಡಾಣ ತೊಳೆದೆವು. ಉಳಿದದ್ದನ್ನೆಲ್ಲ ಮೊಗೆದು ನಾನುಲಿಯ ಉಪ್ಪಿನಕಾಯಿ ಪೀಪಾಯಿಗಳಿಗೆ ಹಾಕಿ ಆಗಿತ್ತು. ನಾಳೆ ದ್ರಾಕ್ಷಿ ಬರುತ್ತದೆ. ನಮ್ಮ ಬಳ್ಳಿಯ ಕಿಸಿಯನ್ನು ಕೊಯ್ದು ತುಳಿಯುವುದು ಜಾಕ್ರೊ. ಹೇಗೆ, ಎಷ್ಟು ಎಂದು ಹೇಳುವುದು ನಾನು. ತಮಾಜ್ ಮಾಡುತ್ತಿದ್ದುದೆಲ್ಲ ನೋಡಿ ಗೊತ್ತು, ಮಾಡಿ ಗೊತ್ತಿಲ್ಲ. ಎರಡೂ ಕಡೆಯಿಂದ ಜಗಳ ಆಗಲೇ ಶುರುವಾಗಿದೆ.

ಜಾಕ್ರೊ ಚೆರ್ರಿ ಮರದ ತೊಗಟೆಯ ಕುಂಚವನ್ನು ಉದ್ದ ಕೋಲಿಗೆ ಕಟ್ಟಿ, ಬಿಸಿನೀರು ಸುರಿದು, ಒಳಗೆಲ್ಲ ಉಜ್ಜಿದ. ತೊಳೆದ ನೀರನ್ನು ಕುಡಿಯಲಾಗುವವರೆಗೆ ಗುಡಾಣ ಸ್ವಚ್ಛವಾಗಿಲ್ಲ ಎಂದು ಇಲ್ಲಿಯ ಲೆಕ್ಕ. ಮೂಗಿಲ್ಲದಿದ್ದರೂ ನಾಲಿಗೆಗೆ ಹುಳಿ ತಿಳಿಯುತ್ತದೆ. ಹಾಗಾಗಿ ಕುಡಿದು ನೋಡುವ ಕೆಲಸ ನನ್ನದು.

ಮೊದಲ ನೀರು ಗಂಟಲು ಹಿಡಿಯುವಷ್ಟು ಹುಳಿ. "ಇನ್ನೊಂದ್ಸಲ" ಎಂದೆ.

ಎರಡನೆಯದು ಹುಳಿ, ಆದರೆ ಕಡಿಮೆ. ಇನ್ನೊಂದು ಸಲ.

ಮೂರನೆಯದರಲ್ಲಿ ನಾಲಿಗೆಯ ಅಂಚಿಗೆ ಒಂದು ಎಳೆಯಷ್ಟು. ಇದ್ದೂ ಇಲ್ಲದಷ್ಟು.

"ಸಾಕಾ?" ಎಂದ ಜಾಕ್ರೊ. ಬೆವರು ಮೀಸೆಯಿಂದ ತೊಟ್ಟಿಕ್ಕುತ್ತಿತ್ತು.

ನೀರು ಬಾಯಲ್ಲೇ ಇತ್ತು, ನುಂಗಲಿಲ್ಲ. ಸಾಕು ಎಂದರೆ ಆ ಒಂದು ಎಳೆ ಗುಡಾಣದಲ್ಲಿ ಉಳಿಯುತ್ತದೆ. ಉಳಿದರೆ ಹೊಸ ವೈನನ್ನೂ ಕೆಡಿಸುತ್ತದೆ. ಅವನು ಕಾಯುತ್ತಾ ನಿಂತಿದ್ದ. ನಾನು ನಿಧಾನವಾಗಿ ನುಂಗಿದೆ.

"ಇನ್ನೊಂದ್ಸಲ" ಎಂದೆ.

ನಾಲ್ಕನೆಯದು ನೀರು.

"ಏನಾದ್ರೂ ಇದೆಯಾ?"

ಇನ್ನೊಂದು ಬಟ್ಟಲು ತೆಗೆದುಕೊಂಡು ಪೂರ್ತಿ ಕುಡಿದೆ. "ಏನೂ ಇಲ್ಲ" ಎಂದೆ. "ಚೆನ್ನಾಗಿ ತೊಳೆದಿದೀಯ."

ಇಷ್ಟು ವರ್ಷದಲ್ಲಿ ನಾನು ಅವನನ್ನು ಹೊಗಳಿದ್ದು ಇದೇ ಮೊದಲು. ಅವನು ಬೆನ್ನು ತಿರುಗಿಸಿ ಕುಂಚವನ್ನು ತೊಳೆಯತೊಡಗಿದ. ತೋಳಿನಿಂದ ಮೂಗು ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ನೆಗಡಿ ಇರಬೇಕು.

"ನೆಗಡಿ ಗಿಗಡಿ ಹಚ್ಕೋಬೇಡ" ಎಂದೆ. "ಏಪ್ರಿಲ್‌ಗೆ ನಿನ್ನ ಮೂಗು ಬೇಕು."